ಬಾಗಿಲ ಬಳಿಯ ಜಾಗ

ಹೊಳೆಯ ದಂಡೆಗೊಂದು ಮಠ. ಮಠಕ್ಕೊಂದು ಪಡಸಾಲೆ. ಆ ಪಡಸಾಲೆಯಲ್ಲಿ ಪುರಾಣ ಓದುವುದನ್ನು ಕಲಿಸುತ್ತಿದ್ದರು.

ಕಲಿಯಲು ಬಂದವರು ಹದಿನೆಂಟು ಜನ. ಹದಿನೇಳು ಜನರಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಹದಿನೆಂಟನೆಯವನು ಮಾಳಿಂಗ, ಕುರಿ ಕಾಯುವವನು. ಅವನ ಮೀಸೆ ಬಲಿತೇ ಐದಾರು ವರ್ಷವಾಗಿತ್ತು.

ಅಲ್ಲಿಯ ಪಾಠದ ಪದ್ಧತಿಯೇ ಬೇರೆ. ಪುಸ್ತಕ ಒಂದೇ, ಅದು ಕಲಿಸುವವರ ಮುಂದೆ. ಅವರು ರಾಗವಾಗಿ ಓದುತ್ತ ಹೋಗುವರು. ಉಳಿದವರು ಕಿವಿಯಲ್ಲೇ ಹಿಡಿಯಬೇಕು. ಓದುತ್ತ ಓದುತ್ತ ಎಲ್ಲೋ ಒಂದು ಕಡೆ ನಿಲ್ಲಿಸಿ, ಮಣೆಯ ಮೇಲೆ ಟಕ್ಕೆಂದು ಕೋಲು ಬಡಿದು, ಯಾರದಾದರೂ ಹೆಸರು ಕರೆಯುವರು. ಕರೆಸಿಕೊಂಡವನು ಕೊನೆಯ ಸಾಲನ್ನು ಇದ್ದಕ್ಕಿದ್ದ ಹಾಗೆ ತಿರುಗಿ ಹೇಳಬೇಕು.

ಅದಕ್ಕೆ ನುಡಿ ಎತ್ತುವುದು ಎನ್ನುತ್ತಿದ್ದರು.

ಎತ್ತಲಾರದವನು ಹೊಳೆಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ, ಮಧ್ಯಾಹ್ನದ ಗಂಟೆ ಬಾರಿಸುವವರೆಗೆ ನಿಲ್ಲಬೇಕು. ಇದು ಮಠದ ನೇಮ.

ಮಾಳಿಂಗ ಬಂದು ಮೂರು ತಿಂಗಳು. ಪಡಸಾಲೆಯಲ್ಲಿ ಕೂತದ್ದಕ್ಕಿಂತ ಅವನು ಹೊಳೆಯಲ್ಲಿ ನಿಂತದ್ದೇ ಹೆಚ್ಚು.

ಅವನೇನು ದಡ್ಡನಲ್ಲ. ಕಿವಿ ಕೊಟ್ಟು ಕೂರುತ್ತಿದ್ದ, ಹಲ್ಲು ಕಚ್ಚಿ ಕೂರುತ್ತಿದ್ದ. ಪಾಠದ ದಾರಿ ಹಿಡಿದು ನಾಲ್ಕು ಹೆಜ್ಜೆ ಹೋಗುತ್ತಿದ್ದ. ಅಷ್ಟರಲ್ಲಿ ಎಡಕ್ಕೊಂದು ಸಪ್ಪಳ, ಬಲಕ್ಕೊಂದು ವಾಸನೆ. ಮನಸ್ಸು ಅದನ್ನೊಂದಿಷ್ಟು ನೋಡಿ ಬರುತ್ತೇನೆಂದು ಹೋಗುತ್ತಿತ್ತು. ಬರುವಷ್ಟರಲ್ಲಿ ದಾರಿಯೇ ಎದ್ದು ಮುಂದೆ ಹೋಗಿಬಿಟ್ಟಿರುತ್ತಿತ್ತು.

ಆವತ್ತೂ ಹಾಗೆಯೇ ಆಯಿತು.

ಕಲಿಸುವವನು ಗದಿಗೆಯ್ಯ. ಮಠದ ಹಿರಿಯ ಗುರು ಹಾಲಯ್ಯಜ್ಜರ ನೆಚ್ಚಿನ ಶಿಷ್ಯ. ಅಜ್ಜಾರಿಗೆ ವಯಸ್ಸಾದ ಮೇಲೆ ಪಾಠವೆಲ್ಲ ಅವನದೇ. ಹುಡುಗರು ಅವನನ್ನು ಅಯ್ನಾರು ಎಂದು ಕರೆಯುತ್ತಿದ್ದರು, ಅವನ ನೆರಳು ಕಂಡರೂ ಎದ್ದು ನಿಲ್ಲುತ್ತಿದ್ದರು.

ಗದಿಗೆಯ್ಯ ಓದುತ್ತಿದ್ದ. ಮಾಳಿಂಗನ ಕಣ್ಣು ಬಾಗಿಲಾಚೆ, ಹೊಳೆಯಾಚೆ. ಅಲ್ಲಿ ಯಾರದೋ ಕುರಿ ಹಿಂಡು. ಮುಂದಿನ ಟಗರು ಜೋಳದ ಹೊಲದ ಬದುವಿಗೆ ಬಂದಿತ್ತು. ಕಾಯುವವನು ಎಲ್ಲೂ ಕಾಣಲಿಲ್ಲ. ಟಗರು ಬದುವಿನ ಮೇಲೆ ಒಂದು ಕಾಲಿಟ್ಟಿತು.

ಟಕ್!

"ಮಾಳಿಂಗ!"

"ಹುರ್ರ್ಯೋ! ಹಿಂದಕ ಬಾ, ನಿನ್ನ ಬಾಯಿಗೆ ಮಣ್ಣಹಾಕ!"

ಪಡಸಾಲೆ ಬಿದ್ದು ಬಿದ್ದು ನಕ್ಕಿತು.

"ಅಯ್ನಾರ, ಮಾಳಿಂಗಣ್ಣ ಎತ್ತಿದ ನುಡಿ ಯಾವ ಸಂಧಿಯಾಗ ಬರತೈತ್ರಿ?" ಎಂದು ಸಂಗನಬಸು ಎನ್ನುವ ಚೂಟಿ ಹುಡುಗ ಕೇಳಿದ. ನಗೆ ಮತ್ತೊಮ್ಮೆ ಎದ್ದಿತು.

ಗದಿಗೆಯ್ಯ ನಗಲಿಲ್ಲ. ಪುಸ್ತಕ ಮುಚ್ಚಿದ.

"ಮಾಳಿಂಗ, ನಿನ್ನ ಮುಂದ ಕೂಡಿಸಿದೆ."

"ಹೌದ್ರಿ."

"ಜುಟ್ಟಿಗೆ ದಾರ ಕಟ್ಟಿ ಗೂಟಕ್ಕ ಬಿಗದೆ. ಮೊಣಕಾಲ ಕೆಳಗ ಹರಳಗಲ್ಲು ಇಟ್ಟೆ."

"ಇಟ್ರಿ."

"ಹಿಂದ, ಬಾಗಲ ಬಲ್ಲಿ ಕೂಡಿಸಿದೆ. ನಿನ್ನ ನೋಡಿ ಉಳದವರು ಕೆಡಬಾರದಂತ."

"ಕೂತೇನಲ್ರಿ."

"ನೀ ಕೂತಿಲ್ಲೋ ಮಾರಾಯಾ. ನಿನ್ನ ಕುಂಡಿ ಕೂತೈತಿ. ನೀ ಹೊಳಿ ದಾಟಿ ಹೋಗೀದಿ." ಗದಿಗೆಯ್ಯ ದನಿ ತಗ್ಗಿಸಿದ. "ನಾಳೆ ಒಂದ ದಿನ ನೋಡತೇನಿ. ಒಂದ ನುಡಿ, ಒಂದ ಒಂದು ಎತ್ತು. ಇಲ್ಲಂದ್ರ ಗಂಟು ಕಟ್ಟು. ಹದಿನೇಳು ಮಂದಿ ಪಾಠ ನಾ ನಿನ್ನ ಸಲುವಾಗಿ ನಿಂದರಸಲಾರೆ."

ಕುಂಡಿಯ ಮಾತು ಮಾಳಿಂಗನಿಗೆ ಹೊಸದಲ್ಲ. ಆ ಮಾತಿನಿಂದಲೇ ಅವನು ಇಲ್ಲಿಗೆ ಬಂದದ್ದು.

ಹೋದ ಶ್ರಾವಣದಲ್ಲಿ ಅವನ ಹಟ್ಟಿಯವರು ಪುರಾಣ ಓದಿಸಬೇಕೆಂದು ಹೊರಟರು. ಊರಲ್ಲಿ ಓದುವ ಶಾಸ್ತ್ರಿಗಳನ್ನು ಕರೆದರು. ಅವರು ಬರಲಿಲ್ಲ. "ಕುರಿ ಒದರಿತು ಅಂತ ನಡುವ ಎದ್ದು ಹೋಗೂ ಮಂದಿ ನೀವು. ನಿಮ್ಮ ಕುಂಡಿ ನೆಲಕ್ಕ ಹತ್ತೂದಿಲ್ಲ. ನಿಮಗ್ಯಾತರ ಪುರಾಣ?" ಎಂದರು.

ಹಟ್ಟಿಯ ಹಿರಿಯರು ತಲೆ ತಗ್ಗಿಸಿ ತಿರುಗಿ ಬಂದರು. ಮಾಳಿಂಗ ತಗ್ಗಿಸಲಿಲ್ಲ. "ಮುಂದಿನ ಶ್ರಾವಣಕ್ಕ ನಮ್ಮ ಹಟ್ಟ್ಯಾಗ ನಾನ ಓದತೇನಿ. ನೀವ ಕೇಳಾಕ ಬರ್ರಿ" ಎಂದು ಬೀದಿಯಲ್ಲಿ ನಿಂತು ಹೇಳಿ ಬಂದ.

ಶ್ರಾವಣಕ್ಕೆ ಇನ್ನು ಒಂದು ತಿಂಗಳಿತ್ತು. ಈಗ ಬರಿಗೈಯಲ್ಲಿ ಹಟ್ಟಿಗೆ ಹೋದರೆ ಶಾಸ್ತ್ರಿಗಳ ಮಾತೇ ಸರಿ ಎಂದಾಗುತ್ತಿತ್ತು.

ಸಂಜೆ ಅವನು ಗಂಟು ಕಟ್ಟಿದ. ಅಜ್ಜಾರ ಕೋಣೆಗೆ ಹೋದ. ಅಜ್ಜಾರು ಹರಿದ ಜೋಳಿಗೆಗೆ ತೇಪೆ ಹಾಕುತ್ತಿದ್ದರು.

"ಹೊಂಟೇನ್ರಿ ಅಜ್ಜಾರ."

"ಎಲ್ಲಿಗೆ?"

"ಕುರಿ ಕಡೆ."

"ಯಾರು ಕಳಿಸಿದ್ರು?"

"ಇನ್ನೂ ಕಳಿಸಿಲ್ರಿ. ನಾಳೆ ಕಳಸ್ತಾರ. ಅದಕ್ಕಿಂತ ಮೊದಲ ನಾನ ಹೋಗತೇನಿ. ಹೊರಗ ಹಾಕಿಸ್ಕೊಂಡು ಹೋಗೂ ಮನಿಶಾ ಅಲ್ಲ ನಾ."

ಅಜ್ಜಾರು ಸೂಜಿಯಿಂದ ಕಣ್ಣೆತ್ತಲಿಲ್ಲ.

"ಜೇನುಹುಳ ಒಂದ ಹೂವಿನ ಮ್ಯಾಲೆ ಕೂಡೂದಿಲ್ಲೋ ತಮ್ಮಾ. ಹಂಗಂತ ಅದರ ಗೂಡಿನ್ಯಾಗ ತುಪ್ಪ ಇರೂದಿಲ್ಲೇನು?"

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಕಣ್ಣೀರು ತಂದುಕೊಂಡು ಕಾಲಿಗೆ ಬೀಳುತ್ತಿದ್ದರು. ಊರೂರಿಂದ ಜನ ಬರುತ್ತಿದ್ದುದೇ ಇಂಥ ಮಾತಿಗೆ.

ಮಾಳಿಂಗನಿಗೆ ಸಿಟ್ಟು ಬಂತು.

"ಅಜ್ಜಾರ, ಇಂಥಾ ಮಾತು ನನಗ ಬ್ಯಾಡ್ರಿ."

"ಯಾಕ?"

"ಹುಳಕ್ಕ ಪುರಾಣ ಓದೂದಿರೂದಿಲ್ರಿ. ನನಗೈತಿ. ನೀ ಹರದಾಡೂದ ಚಂದ ಐತಿ ಅಂತ ಹೊಗಳಿ ಕಳಿಸಬ್ಯಾಡ್ರಿ. ಕಲಿಸ್ರಿ. ಇಲ್ಲಾ, ನಿನಗ ಬರೂದಿಲ್ಲ ಹೋಗು ಅಂತ ಅಂದು ಬಿಡ್ರಿ. ನಡುವಿನ ಮಾತು ಯಾಕ?"

ಸೂಜಿ ನಿಂತಿತು.

ಅಜ್ಜಾರ ಮಾತನ್ನು ಯಾರೂ ಹೀಗೆ ಅವರ ಕೈಗೇ ತಿರುಗಿ ಕೊಟ್ಟಿರಲಿಲ್ಲ. ಅವರು ಜೋಳಿಗೆ ಪಕ್ಕಕ್ಕಿಟ್ಟು ಮಾಳಿಂಗನ ಮುಖವನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು.

"ಎಲ್ಲಿ ಕೂಡತಿ ನೀ?"

"ಬಾಗಲ ಬಲ್ಲಿ."

"ಅಲ್ಲಿ ಕೇಳಸತೈತೇನು ಪಾಠ?"

"ಪಾಠಾನೂ ಕೇಳಸತೈತ್ರಿ. ಊರೆಲ್ಲಾ ಕೇಳಸತೈತಿ."

"ಹಂಗಾರ ಗಂಟು ಬಿಚ್ಚು. ನಾಳೆ ನಿನ್ನ ಜಾಗಾದಾಗ ನಾ ಕೂಡತೇನಿ."

"ನೀವ್ಯಾಕ್ರಿ?"

"ಈ ಮಠದಾಗ ನಾ ಕೂಡದ ಜಾಗಾ ಅಂದ್ರ ಅದೊಂದ."

ಮರುದಿನ ಬೆಳಿಗ್ಗೆ ಗದಿಗೆಯ್ಯ ಪುಸ್ತಕ ಬಿಚ್ಚಿ ತಲೆ ಎತ್ತಿದರೆ, ಬಾಗಿಲ ಬಳಿ ಗೋಡೆಗೆ ಒರಗಿ ಅಜ್ಜಾರು. ಅವರ ಮಗ್ಗುಲಲ್ಲಿ ಮಾಳಿಂಗ. ಹುಡುಗರು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಅಜ್ಜಾರ, ಮುಂದ ಬರ್ರಿ. ಗಾದಿ ಹಾಸತೇನಿ."

"ಪಾಠಕ್ಕ ಬಂದೇನಿ, ಸತ್ಕಾರಕ್ಕಲ್ಲ. ಓದು."

ಗದಿಗೆಯ್ಯ ಓದತೊಡಗಿದ. ಅಂದಿನ ಕಥೆ ಒಬ್ಬ ಶರಣೆಯದು. ಬರಗಾಲದಲ್ಲಿ ಊರಿಗೆಲ್ಲ ರೊಟ್ಟಿ ಬಡಿದು ಹಾಕಿದವಳದು. ಅವನ ದನಿ ಒಳ್ಳೆಯದು, ಓಟ ಒಳ್ಳೆಯದು.

ಮಾಳಿಂಗ ಉಗುರು ಅಂಗೈಗೆ ಒತ್ತಿ ಹಿಡಿದು ಕೂತ. ಒಂದು ನುಡಿ, ಒಂದೇ ಒಂದು. ಎರಡು ಸಾಲು ಹಿಡಿದ, ಮೂರು ಹಿಡಿದ. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಹೆಣ್ಣುಮಕ್ಕಳು ದಿಟವಾಗಿಯೂ ರೊಟ್ಟಿ ಬಡಿಯತೊಡಗಿದರು. ಟಪ್ ಟಪ್ ಟಪ್. ಒಬ್ಬಾಕೆ ತನ್ನ ನಾದಿನಿಯ ಸುದ್ದಿ ತೆಗೆದಳು. ಹೊಳೆಯ ಮೆಟ್ಟಿಲಲ್ಲಿ ಯಾರೋ ಕಂಬಳಿ ಒಗೆದರು. ಬಾಗಿಲ ತಿರುಗಣಿ ಕಿರ್ರೆಂದಿತು. ಸಾರಿಗೆ ಒಗ್ಗರಣೆ ಬಿತ್ತು.

ಮಾಳಿಂಗ ಕಳ್ಳಗಣ್ಣಿನಿಂದ ಅಜ್ಜಾರನ್ನು ನೋಡಿದ. ಅಜ್ಜಾರ ಮೂಗು ಒಂದಿಷ್ಟು ಅಡಿಗೆಮನೆಯ ಕಡೆ ತಿರುಗಿತ್ತು.

ಟಕ್!

"ಮಾಳಿಂಗ!"

ಮಾಳಿಂಗನ ಬಾಯಿ ತೆರೆಯಿತು. ಒಳಗೆ ಏನೂ ಇರಲಿಲ್ಲ.

"ಆ ಜಾಗಾದಾಗ ಇವತ್ತ ನಾನದೇನಿ. ನುಡಿ ನಾ ಎತ್ತಬೇಕು" ಎಂದು ಅಜ್ಜಾರು ಕೈಯೆತ್ತಿದರು.

"ಆಗಲಿ, ನೀವ ಎತ್ರಿ" ಎಂದ ಗದಿಗೆಯ್ಯ.

ಅಜ್ಜಾರು ಗಂಟಲು ಸರಿಮಾಡಿಕೊಂಡರು. ಗಡ್ಡ ನೀವಿಕೊಂಡರು. ಪಡಸಾಲೆ ಕಾಯಿತು. ಹೊರಗೆ ಟಪ್ ಟಪ್ ನಡೆದೇ ಇತ್ತು.

"ಬರವಲ್ದು" ಎಂದರು ಅಜ್ಜಾರು.

ಯಾರೂ ನಗಲಿಲ್ಲ. ಸಂಗನಬಸು ಕೂಡ.

"ಕೈ ಸುಟ್ಟರೂ ರೊಟ್ಟಿ ಕೆಳಗಿಡಲಿಲ್ಲವ್ವ," ಗದಿಗೆಯ್ಯ ಮೆಲ್ಲಗೆ ಹೇಳಿಕೊಟ್ಟ. "ನಿಮಗ ಇದು ಬಾಯಿಪಾಠ ಅಲ್ಲೇನ್ರಿ ಅಜ್ಜಾರ?"

"ಕಥಿ ಬಾಯಿಪಾಠ ಐತಿ. ನೀ ಎಲ್ಲಿ ನಿಂತಿ ಅಂಬೂದು ಕೇಳಲಿಲ್ಲ." ಅಜ್ಜಾರು ಗೋಡೆ ಹಿಡಿದು ಎದ್ದರು. "ನಡಿ ಮಾಳಿಂಗ. ಹೊಳಿ ಯಾವ ಕಡೆ ಆಳ ಇಲ್ಲ ಅಂಬೂದು ನಿನಗ ಗೊತ್ತಿರಬೇಕು."

ಗದಿಗೆಯ್ಯ ಗಾಬರಿಯಾಗಿ ಅಡ್ಡ ಬಂದ.

"ಎಲ್ಲಿಗ್ರಿ?"

"ನೀರಿಗೆ."

"ಅಜ್ಜಾರ! ಎಂಬತ್ತು ವರ್ಷದ ದೇಹ. ಹೊಳಿಗೆ ಹೊಸಾ ನೀರು ಬಂದೈತಿ. ಈ ನೇಮ ಹುಡುಗೂರ ಸಲುವಾಗಿ ಐತಿ."

"ನೇಮ ಮಾಡಿದಾಂವ ಯಾರು?"

"ನೀವ."

"ಮಾಡುವಾಗ ಹುಡುಗೂರಿಗೆ ಅಂತ ಅಂದಿದ್ನೇನು? ಎತ್ತಲಾರದಾಂವ ಅಂದೇನಿ. ಸರಿ, ದಾರಿ ಬಿಡು."

ಅಜ್ಜಾರು ಹೊಳೆಗೆ ಇಳಿದರು. ನೀರು ಕೆಂಪಗಿತ್ತು, ಸೆಳೆತವಿತ್ತು. ಮಾಳಿಂಗ ಅವರ ರಟ್ಟೆ ಹಿಡಿದು, ಕಾಲಿನಿಂದ ಕಲ್ಲು ತಡಕುತ್ತ, ಜಾರದ ಜಾಗ ಹುಡುಕಿ ನಿಲ್ಲಿಸಿದ. ತಾನು ಮೇಲಿನ ಕಡೆ ನಿಂತು ಸೆಳೆತಕ್ಕೆ ಅಡ್ಡವಾದ.

"ಅಜ್ಜಾರ, ಖರೇ ಹೇಳ್ರಿ. ನನ್ನ ಸಲುವಾಗಿ ಬೇಕಂತ ನುಡಿ ಬಿಟ್ರೋ?"

"ಬಿಡಬೇಕಂತ ಬಂದಿದ್ದೆ."

"ಮತ್ತ?"

"ಬಿಡೂ ಕೆಲಸ ಬರಲಿಲ್ಲೋ. ಅದಕ್ಕಿಂತ ಮೊದಲ ಒಗ್ಗರಣಿ ಬಿತ್ತು."

ಮಾಳಿಂಗ ಮೂರು ತಿಂಗಳಲ್ಲಿ ಮೊದಲ ಸಲ ಆ ಹೊಳೆಯಲ್ಲಿ ನಿಂತು ನಕ್ಕ.

"ಆದ್ರ ಜಾಗಾದ್ದ ತಪ್ಪು ಅಂತ ತಿಳೀಬ್ಯಾಡ್ರಿ. ಮುಂದ ಕೂತಾಗೂ ನನಗ ಬಂದಿಲ್ಲ. ಒಗ್ಗರಣಿ ಇಲ್ಲದಾಗೂ ಬಂದಿಲ್ಲ."

"ಅದೂ ಖರೇ" ಎಂದರು ಅಜ್ಜಾರು. "ನನಗ ಎಲ್ಲಾ ತಿಳದೈತಿ ಅಂತ ನಾ ಎಲ್ಲಿ ಅಂದೆ?"

ಅಷ್ಟರಲ್ಲಿ ಗದಿಗೆಯ್ಯ ಮೆಟ್ಟಿಲಿಗೆ ಬಂದ, ಅವನ ಹಿಂದೆ ಹದಿನೇಳು ಹುಡುಗರು.

"ಮ್ಯಾಲೆ ಬರ್ರಿ ಅಜ್ಜಾರ. ನಿಮ್ಮ ಕಾಲಿಗೆ ಬೀಳತೇನಿ. ಪಾಠ ನಿಂತೈತಿ."

"ನಿಂದರಸು ಅಂತ ಅಂದಾವ್ರು ಯಾರು? ಅಲ್ಲೇ ಕೂತು ಓದು."

"ಇಲ್ಲೇ?"

"ಪುಸ್ತಕಕ್ಕ ಬಿಸಲು ಬಡದ್ರ ಅಕ್ಷರ ಓಡಿ ಹೋಗತಾವೇನು? ಓದು."

ಗದಿಗೆಯ್ಯ ಮೆಟ್ಟಿಲ ಮೇಲೆ ಕೂತ. ಹುಡುಗರು ಅವನ ಸುತ್ತ ಕೂತರು. ಅವನ ದನಿ ಮೆಲ್ಲಗೆ ಓಟ ಹಿಡಿಯಿತು.

ಮಾಳಿಂಗನಿಗೆ ಕೇಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಅಜ್ಜಾರ ರಟ್ಟೆ ಅವನ ಕೈಯಲ್ಲಿತ್ತು. ಕಾಲಡಿಯ ಮರಳು ಗಳಿಗೆಗೊಮ್ಮೆ ಕರಗುತ್ತಿತ್ತು, ಗಳಿಗೆಗೊಮ್ಮೆ ಹೆಜ್ಜೆ ಬದಲಿಸಬೇಕಿತ್ತು. ಮೇಲಿನಿಂದ ಬಂದ ಮುಳ್ಳುಕಂಟಿಯೊಂದನ್ನು ಮೊಣಕಾಲಿನಿಂದ ತಳ್ಳಿದ.

ಟಕ್! ಗದಿಗೆಯ್ಯ ಕಲ್ಲಿಗೆ ಕೋಲು ಬಡಿದ. ರೂಢಿಯಂತೆ ಬಾಯಿಗೆ ಬಂದ ಹೆಸರು ಕರೆದ.

"ಮಾಳಿಂಗ!"

"ಹಸಿದವನ ಬಾಗಿಲಿಗೆ ಬುತ್ತಿ ತಾನೇ ನಡೆದಿತ್ತು."

ಹೇಳಿದ ಮೇಲೆಯೇ ಅವನಿಗೆ ತಿಳಿದದ್ದು, ತಾನು ಹೇಳಿದೆನೆಂದು. ಅವನು ತಿರುಗಿ ಕೂಡ ನೋಡಿರಲಿಲ್ಲ.

ಮೆಟ್ಟಿಲ ಮೇಲಿನ ಹುಡುಗರು ಕತ್ತು ಚಾಚಿದರು.

ಕುರುಡನ ಕಲ್ಲು ಗುರಿಗೆ ತಾಗಿದ ಹಾಗೆ ಎಂದುಕೊಂಡ ಗದಿಗೆಯ್ಯ. ಈ ಸಲ ಉದ್ದಕ್ಕೆ ಓದಿದ. ಎಮ್ಮೆಯೊಂದು ಈಸುತ್ತ ಅಜ್ಜಾರ ಕಡೆಗೇ ಬಂತು. ಮಾಳಿಂಗ ಅದರ ಕೊಂಬು ಹಿಡಿದು, "ಹೋ, ಹೋ, ಆ ಕಡೆ ಹೋಗವ್ವಾ" ಎಂದು ತಿರುಗಿಸುತ್ತಿದ್ದ.

ಟಕ್!

"ಮಾಳಿಂಗ!"

"ದಾರಿಯ ಕೇಳಿದರೆ ಕಲ್ಲೇ ತೋರಿತು ದಾರಿ." ಎಮ್ಮೆಯ ಬೆನ್ನಿಗೊಂದು ಏಟು ಹಾಕಿದ. "ಹೋಗಂದ್ರ ಹೋಗಬೇಕು!"

ಹುಡುಗರು ಎದ್ದು ನಿಂತರು. ಗದಿಗೆಯ್ಯನಿಗೆ ಹಠ ಬಂತು. ಮೂರನೆಯ ಸಲ ಅವನು ಯಾರೂ ನಿಲ್ಲಿಸದ ಕಡೆ, ಶಬ್ದದ ನಡುವಿನಲ್ಲಿ ಕತ್ತರಿಸಿ ಬಡಿದ.

"ಮಾಳಿಂಗ!"

"ಮುಗಿಲ ಮುಟ್ಟುವ ಮುನ್ನ ಮಣ್ಣಿಗೆ ಕೈಮು" ಎಂದು ಮಾಳಿಂಗ ಅಲ್ಲಿಗೇ ಬಾಯಿ ಮುಚ್ಚಿದ. "ಮುಂದಿಂದು ನೀವ ಇನ್ನೂ ಓದಿಲ್ರಿ ಅಯ್ನಾರ."

ಸಂಗನಬಸು ಚಪ್ಪಾಳೆ ತಟ್ಟಿ, ಗದಿಗೆಯ್ಯನ ಮುಖ ನೋಡಿ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ನಾಲ್ಕನೆಯದು ತಪ್ಪಿತು.

ಏಕೆ ತಪ್ಪಿತೋ. ಮಾಳಿಂಗ ಗೆದ್ದ ಖುಷಿಯಲ್ಲಿ ಹುಡುಗರ ಕಡೆ ನೋಡುತ್ತ ನಿಂತಿದ್ದ, ಅಷ್ಟೆ. ಗದಿಗೆಯ್ಯ ಕರೆದಾಗ ಮತ್ತೆ ಅದೇ ಖಾಲಿ ಬಾಯಿ.

"ನೋಡ್ರಿ ಅಜ್ಜಾರ" ಎಂದ ಗದಿಗೆಯ್ಯ.

"ಏನ್ ನೋಡೂದು? ಇನ್ನೊಮ್ಮೆ ಓದ್ರಿ!" ಮಾಳಿಂಗ ನೀರಿನಿಂದಲೇ ಗುಡುಗಿದ. "ಒಂದ ನುಡಿ ಎತ್ತು ಅಂದ್ರಿ. ಮೂರು ಎತ್ತೇನಿ. ನಾಕನೇದು ಹೋತು, ಹೋಗಲಿ. ಐದನೇದು ಓದ್ರಿ. ನೀವು ಹೋಗು ಅಂದ್ರೂ ನಾ ಹೋಗೂದಿಲ್ಲ ಇನ್ನ. ಪಡಸಾಲಿ ಬಾಗಲಾ ಹಾಕಿಕೊಂಡ್ರ ಕಿಡಕ್ಯಾಗ ನಿಂತು ಕೇಳತೇನಿ. ಕಿಡಕಿ ಹಾಕಿದ್ರ ಮಾಳಗಿ ಏರತೇನಿ. ಓದ್ರಿ!"

ಮಠದಲ್ಲಿ ಗದಿಗೆಯ್ಯನ ಎದುರು ಯಾರೂ ಹೀಗೆ ಮಾತಾಡಿದ್ದಿಲ್ಲ. ಹುಡುಗರು ಅಜ್ಜಾರ ಕಡೆ ನೋಡಿದರು. ಅಜ್ಜಾರು ನೀರಿನ ಕಡೆ ನೋಡುತ್ತಿದ್ದರು.

ಗದಿಗೆಯ್ಯ ಪುಸ್ತಕದ ಹಾಳೆ ತಿರುವಿದ. ಓದಿದ.

ಐದನೆಯದನ್ನು ಮಾಳಿಂಗ ಎತ್ತಿದ. ಆರನೆಯದೂ ಬಂತು, ಏಳನೆಯದು ತಪ್ಪಿತು, ಎಂಟನೆಯದು ಮತ್ತೆ ಬಂತು. ಆಮೇಲೆ ಯಾರೂ ಎಣಿಸಲಿಲ್ಲ.

ಮಧ್ಯಾಹ್ನದ ಗಂಟೆ ಬಾರಿಸಿತು. ಮಾಳಿಂಗ ಅಜ್ಜಾರನ್ನು ಮೆಟ್ಟಿಲಿಗೆ ಹತ್ತಿಸಿದ. ಗದಿಗೆಯ್ಯ ಅಂಗಿಯ ಅಂಚಿನಿಂದ ಅವರ ಪಾದ ಒರೆಸಿದ. ಚರ್ಮ ನೆನೆದು ಬೆಳ್ಳಗಾಗಿ ನೆರಿಗೆಗಟ್ಟಿತ್ತು.

ಪಾದ ಹಿಡಿದುಕೊಂಡೇ ಅವನು ಹೇಳಿದ, "ಅಜ್ಜಾರ, ನಾ ಹನ್ನೆರಡು ವರ್ಷ ಅಳ್ಳಾಡದ ಕೂತೆ. ಸೊಳ್ಳಿ ಕಡದ್ರೂ ಕೈ ಎತ್ತಲಿಲ್ಲ. ಅದೆಲ್ಲಾ ಸುಳ್ಳಾತೇನ್ರಿ?"

"ಯಾಕ ಸುಳ್ಳಾಗತೈತಿ? ನಿನಗ ಕೂತ್ರ ಬಂತು. ಕೂತಿ. ನೀ ಕೂತ್ರ ಬ್ಯಾರೇದವ್ರೂ ಕೂತಂಗಾತೇನು?"

ಗದಿಗೆಯ್ಯ ತಲೆ ತಗ್ಗಿಸಿದ. ಅವನು ಕೆಟ್ಟವನಲ್ಲ. ತನಗೆ ಬಂದ ದಾರಿಯೊಂದನ್ನೇ ದಾರಿ ಎಂದುಕೊಂಡಿದ್ದ.

"ಆತ್ರಿ. ಹೆಂಗ ಕಲಸ್ಲಿ ಇವನ್ನ? ಮುಂದ ಕೂಡಿಸ್ಲೋ, ಹಿಂದ ಕೂಡಿಸ್ಲೋ? ನಿಂದರಸ್ಲೋ? ಅಡ್ಡಾಡಕೋತ ಕೇಳು ಅನ್ಲೋ? ಕೈಗೆ ಏನರೆ ಕೆಲಸಾ ಕೊಡ್ಲೋ? ಇಲ್ಲಾ ದಿನಾ ಹೊಳ್ಯಾಗ ಪಾಠ ಮಾಡ್ಲೋ? ನೀವು ಹೇಳ್ರಿ ಅಜ್ಜಾರ. ನೀವು ಹೆಂಗಂತೀರಿ ಹಂಗ ಮಾಡತೇನಿ."

ಅಜ್ಜಾರು ಒದ್ದೆ ಧೋತರದ ಚುಂಗು ಹಿಂಡಿದರು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು ಹೋಯಿತು.

"ನನ್ನ ಯಾಕ ಕೇಳತಿ? ಕಲಿಯಾಂವ ನಿನ್ನ ಮಗ್ಗಲದಾಗ ನಿಂತು ಮೂರು ತಿಂಗಳಾತು. ಅವನ್ನ ಕೇಳು."